ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಚಿತ್ರದ ಕ್ಲಾಸು: ಬಾಗಲಕೋಟೆಯಲ್ಲಿ ಹುಡುಕಿ ನೋಡಿದ್ದು

ಮಗಳನ್ನು ಮೊದಲ ಸಲ ಡ್ರಾಯಿಂಗ್ ಕ್ಲಾಸಿಗೆ ಹಾಕಿದಾಗ ಅವಳಿಗೆ ಐದೂವರೆ ವರ್ಷ. ಮೂರನೇ ವಾರ ಅವಳು ಆಯಿಯ (ಅಜ್ಜಿಯ) ಚಿತ್ರ ತೆಗೆದಿದ್ದಳು. ಪಕ್ಕದಲ್ಲಿ ಮನೆ. ಆಯಿ ಮನೆಗಿಂತ ಎತ್ತರ, ಇಳಕಲ್ ಸೀರೆಯ ಕೆಂಪು ಸೆರಗು ಹಾಳೆಯ ತುದಿ ಮುಟ್ಟಿತ್ತು. ಅಲ್ಲಿ ಕಲಿಸುವವರು ರಬ್ಬರ್ ತಗೊಂಡು ಆಯಿಯನ್ನು ಅಳಿಸಿ, ಬಾಗಿಲಿನ ಅಳತೆಗೆ ಹೊಂದುವಂಥ ಸಣ್ಣ ಹೆಣ್ಣಿನ ಆಕೃತಿಯನ್ನು ತಾವೇ ತೆಗೆದುಕೊಟ್ಟಿದ್ದರು. ಗೆರೆ ಬಹಳ ಚಂದ ಇತ್ತು. ಮನೆಗೆ ಬಂದ ಮಗಳು ಚೀಲ ಇಳಿಸಿ, "ಅವ್ವಾ, ನನಗ ಆಯಿ ತೆಗಿಲಿಕ್ಕೆ ಬರೂದಿಲ್ಲ" ಅಂದಳು. ಅದಕ್ಕೂ ಮೊದಲು ಎರಡು ವರ್ಷ ದಿನಾ ಆಯಿಯನ್ನು ತೆಗೆದ ಹುಡುಗಿ ಆಕೆ.

ಆ ಮೇಲೆ ನಾನು ಹಳೆ ಊರು, ವಿದ್ಯಾಗಿರಿ, ನವನಗರ ಅಂತ ಸಂಜೆ ಹೊತ್ತು ಸುತ್ತಿ, ಚಿತ್ರ ಕಲಿಸುವ ಕಡೆಗಳಿಗೆಲ್ಲ ಹೋಗಿ ಕೂತು ನೋಡಿದೆ. ವಿಜಯಪುರದಲ್ಲಿರುವ ತಂಗಿಯನ್ನೂ ಬೆಳಗಾವಿಯಲ್ಲಿರುವ ಗೆಳತಿಯನ್ನೂ ಕೇಳಿದೆ. ಊರು ಬೇರೆಯಾದರೂ ಕ್ಲಾಸುಗಳ ಬಗೆ ಹೆಚ್ಚುಕಡಿಮೆ ಒಂದೇ. ಸಣ್ಣ ಮಕ್ಕಳ ತಂದೆತಾಯಿಗೆ ಆರಿಸಿಕೊಳ್ಳಲು ಅನುಕೂಲವಾಗಲಿ ಅಂತ ನೋಡಿದ್ದನ್ನೂ ನನಗೆ ಅನ್ನಿಸಿದ್ದನ್ನೂ ಬರೆಯುತ್ತಿದ್ದೇನೆ.

ಕ್ಲಾಸಿಗಿಂತ ಮೊದಲು ವಯಸ್ಸು

ಯಾವ ಕ್ಲಾಸು ಒಳ್ಳೆಯದು ಎಂಬ ಪ್ರಶ್ನೆಗೆ ಮಗುವಿನ ವಯಸ್ಸು ಹೇಳದೆ ಉತ್ತರ ಸಿಗುವುದಿಲ್ಲ. ಎರಡು ವರ್ಷದಿಂದ ನಾಲ್ಕರವರೆಗೆ ಮಗು ಗೀಚುತ್ತದೆ. ಮೊದಲು ಅಡ್ಡಾದಿಡ್ಡಿ, ಆಮೇಲೆ ಸುತ್ತು ಸುತ್ತು. ಒಂದು ದಿನ ಆ ಸುತ್ತು ಮುಚ್ಚಿಕೊಂಡು ದುಂಡಗಾಗುತ್ತದೆ, ಒಳಗೆ ಎರಡು ಚುಕ್ಕೆ ಬೀಳುತ್ತವೆ, "ಇದು ಅಪ್ಪ" ಅನ್ನುತ್ತದೆ. ಅಪ್ಪನಿಗೆ ಹೊಟ್ಟೆ ಇರುವುದಿಲ್ಲ, ತಲೆಯಿಂದಲೇ ಕಾಲು ಇಳಿದಿರುತ್ತವೆ. ಇದು ತಪ್ಪಲ್ಲ. ಜಗತ್ತಿನ ಎಷ್ಟೋ ಕಡೆ ಮಕ್ಕಳು ಈ ವಯಸ್ಸಿಗೆ ಮನುಷ್ಯರನ್ನು ಹೀಗೇ ತೆಗೆಯುತ್ತಾರೆ. ನಾಲ್ಕರಿಂದ ಏಳರ ನಡುವೆ ಹೊಟ್ಟೆ, ಕೈ, ಬೆರಳು, ಜಡೆ ಒಂದೊಂದಾಗಿ ಸೇರುತ್ತವೆ, ಯಾರು ಮುಖ್ಯವೋ ಅವರು ದೊಡ್ಡವರಾಗುತ್ತಾರೆ. ಆರೇಳು ವರ್ಷಕ್ಕೆ ಹಾಳೆಯ ಕೆಳಗೆ ನೆಲದ ಗೆರೆ ಬಂದು ಎಲ್ಲರೂ ಅದರ ಮೇಲೆ ನಿಲ್ಲುತ್ತಾರೆ. ಆಗಲೇ ಗೋಡೆಯೊಳಗಿನ ಒಲೆ, ಬಸ್ಸಿನೊಳಗಿನ ಜನ, ಆಕಳ ಹೊಟ್ಟೆಯೊಳಗಿನ ಕರು ಎಲ್ಲ ಹೊರಗಿನಿಂದಲೇ ಕಾಣುವ ಚಿತ್ರಗಳೂ ಬರುತ್ತವೆ. ಎಂಟೊಂಬತ್ತು ದಾಟಿದ ಮೇಲೆ ಮಗುವೇ ತನ್ನ ಚಿತ್ರ ನೋಡಿ, "ಇದು ಖರೇ ಕುದುರಿ ಹಂಗ ಕಾಣವಲ್ದು" ಎಂದು ಬೇಸರ ಮಾಡಿಕೊಳ್ಳತೊಡಗುತ್ತದೆ.

ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಈ ಹಂತಗಳನ್ನು ವಿವರವಾಗಿ ಬರೆದಿಟ್ಟರು. ಮಕ್ಕಳ ಕೈಗೆ ಬಣ್ಣ ತುಂಬುವ ಅಚ್ಚಿನ ಪುಸ್ತಕ ಕೊಡುವುದನ್ನು ಅವರು ಕಟುವಾಗಿ ವಿರೋಧಿಸಿದ್ದರು. ಅದನ್ನು ಓದಿದ ಮೇಲೆ ನನಗೆ ತಿಳಿದದ್ದು, ನನ್ನ ಮಗಳು ಆಯಿಯನ್ನು ಅಷ್ಟು ದೊಡ್ಡದಾಗಿ ತೆಗೆದದ್ದು ಅವಳ ವಯಸ್ಸಿಗೆ ತಕ್ಕದ್ದೇ ಆಗಿತ್ತು. ತಿದ್ದಬೇಕಾದ್ದು ಅಲ್ಲಿ ಏನೂ ಇರಲಿಲ್ಲ.

ಮಾಸ್ತರ್ರ ಮನೆಯ ಕ್ಲಾಸು

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಸಿಗುವುದು ಇದೇ. ಶಾಲೆಯ ಡ್ರಾಯಿಂಗ್ ಸರ್ ಅಥವಾ ಚಿತ್ರಕಲಾ ಶಾಲೆಯಲ್ಲಿ ಕಲಿತವರು ಸಂಜೆ ಮನೆಯ ಪಡಸಾಲೆಯಲ್ಲಿ, ಮಾಳಿಗೆಯ ಮೇಲೆ ಬ್ಯಾಚ್ ನಡೆಸುತ್ತಾರೆ. ಹಲಗೆಯ ಮೇಲೆ ಸರ್ ಒಂದು ಚಿತ್ರ ತೆಗೆಯುತ್ತಾರೆ, ಮಕ್ಕಳು ನೋಡಿ ತೆಗೆಯುತ್ತಾರೆ. ಗಿಳಿ, ಮಾವಿನಹಣ್ಣು, ಎರಡು ಗುಡ್ಡದ ನಡುವೆ ಸೂರ್ಯ, ಗುಡಿಸಲು, ತೆಂಗಿನಮರ. ಫೀ ಕಡಿಮೆ, ಮನೆಗೆ ಹತ್ತಿರ, ಸರ್ ಪರಿಚಯದವರು. ಮಗು ತಿಂಗಳೊಳಗೆ ನೆಂಟರಿಗೆ ತೋರಿಸುವಂಥ ಚಿತ್ರ ತರುತ್ತದೆ, ಅದಕ್ಕೇ ತಂದೆತಾಯಿಗೂ ಸಮಾಧಾನ.

ಈ ಪದ್ಧತಿಯನ್ನು ಪೂರಾ ಬೇಡ ಅನ್ನುವವಳು ನಾನಲ್ಲ. ಒಂಬತ್ತು ವರ್ಷದ ನಂತರ, ಮಗು ತಾನೇ "ಖರೇ ಹಂಗ ಬರಬೇಕು" ಎಂದು ಕೇಳುವಾಗ, ಕೈ ಹಿಡಿದು ಅಳತೆ ತೋರಿಸುವ ಮಾಸ್ತರ್ರೇ ಬೇಕು. ಪೆನ್ಸಿಲ್ ಒರಗಿಸಿ ನೆರಳು ಕೊಡುವುದು, ಕಣ್ಣಿನ ಮಟ್ಟ ಗುರುತಿಸುವುದು, ಹೂಜಿಯ ಎರಡೂ ಬದಿ ಸಮ ತರುವುದು, ಇವೆಲ್ಲ ತಾನಾಗಿ ಬರುವ ವಿದ್ಯೆಗಳಲ್ಲ. ಆದರೆ ಐದು ವರ್ಷದ ಮಗುವಿಗೆ ಅದೇ ಪಾಠ ಕೊಟ್ಟರೆ ಅದು ಕಲಿಯುವುದು ಒಂದೇ: ಚಿತ್ರ ಸರ್ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಆ ತ್ರಿಕೋನದ ಗುಡ್ಡವನ್ನೇ ನೋಡಿ. ಬಾದಾಮಿಯ ಗುಡ್ಡ ಕೆಂಪು, ಗೋಡೆಯ ಹಾಗೆ ನೆಟ್ಟಗೆ ನಿಂತಿದೆ, ಸಂದುಗಳಲ್ಲಿ ಮಂಗ ಕೂತಿರುತ್ತವೆ. ನಮ್ಮ ಮಕ್ಕಳು ಅದನ್ನು ಕಣ್ಣಾರೆ ಕಂಡಿರುತ್ತಾರೆ, ಆದರೂ ಹಾಳೆಯ ಮೇಲೆ ಹಸಿರು ತ್ರಿಕೋನವನ್ನೇ ತೆಗೆಯುತ್ತಾರೆ. ಕಂಡದ್ದಕ್ಕಿಂತ ಕಲಿಸಿದ್ದೇ ಸರಿ ಎಂದು ಆ ಕೈ ನಂಬಿಬಿಟ್ಟಿರುತ್ತದೆ.

ಸಾಮಾನು ಮುಂದಿಟ್ಟು ಬಿಡುವ ಕ್ಲಾಸು

ಇತ್ತೀಚೆಗೆ ದೊಡ್ಡ ಊರುಗಳಂತೆ ನಮ್ಮಲ್ಲೂ ಒಂದೆರಡು ಕಡೆ ಇನ್ನೊಂದು ಬಗೆ ಕಾಣುತ್ತಿದೆ. ನೆಲದ ಮೇಲೆ ಹಳೆ ಪೇಪರ್ ಹಾಸಿ, ದೊಡ್ಡ ಹಾಳೆ, ಬಣ್ಣದ ಬಟ್ಟಲು, ಮಣ್ಣು, ಎಲೆ, ರಟ್ಟು ಇಟ್ಟು, ಇವತ್ತು ಇದರಿಂದ ಏನು ಮಾಡ್ತೀರಿ ನೋಡೋಣ ಅಂತ ಮಕ್ಕಳಿಗೇ ಬಿಡುವುದು. ಮನಸ್ಸಿನಲ್ಲಿ ನಾನು ಈ ಪಕ್ಷದವಳು. ಆದರೂ ಇಲ್ಲೂ ಕಣ್ಣಿಟ್ಟು ನೋಡಲೇಬೇಕು. ನಾನು ಹೋದ ಒಂದು ಕಡೆ ಬಿಡುವುದು ಅಂದರೆ ಬಿಟ್ಟುಬಿಡುವುದೇ ಆಗಿತ್ತು. ಮಕ್ಕಳು ಇದ್ದಬದ್ದ ಬಣ್ಣವನ್ನೆಲ್ಲ ಕಲಸಿ ರಾಡಿ ಮಾಡಿ ಹತ್ತು ನಿಮಿಷಕ್ಕೆ ಬೇಸತ್ತು ಓಡಾಡುತ್ತಿದ್ದರು, ಕಲಿಸುವವರು ಮೊಬೈಲ್ ನೋಡುತ್ತ ಕೂತಿದ್ದರು. ಫೀ ಮಾತ್ರ ಮಾಸ್ತರ್ರ ಮನೆಗಿಂತ ಎರಡರಷ್ಟು.

ಚಲೋ ನಡೆಯುವ ಇಂಥ ಕ್ಲಾಸಿನಲ್ಲಿ ಕಲಿಸುವವರಿಗೆ ಮಾಸ್ತರ್ರಿಗಿಂತ ಹೆಚ್ಚು ಕೆಲಸ ಇರುತ್ತದೆ. ನವನಗರದಲ್ಲಿ ಒಬ್ಬ ಟೀಚರ್ ಮಣ್ಣಿನ ಆನೆಗೆ ಸೊಂಡಿಲು ಅಂಟಿಸುವುದನ್ನು ತೋರಿಸುತ್ತಿದ್ದರು. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕು, ನಡುವೆ ತೆಳ್ಳನೆಯ ಕೆಸರು ಹಚ್ಚು, ಒತ್ತಿ ಹಿಡಿ, ಬೆರಳಿನಿಂದ ಸಂದು ಸವರು. ಹಾಗೆ ಮಾಡದಿದ್ದರೆ ಒಣಗುವಾಗ ಸೊಂಡಿಲು ಕಳಚಿ ಬೀಳುತ್ತದೆ. ಆನೆ ಹೇಗಿರಬೇಕು ಅಂತ ಅವರು ಒಂದು ಮಾತೂ ಆಡಲಿಲ್ಲ. ಒಂದು ಮಗುವಿನ ಆನೆಗೆ ಮೂರು ಸೊಂಡಿಲಿದ್ದವು, ಮೂರೂ ಗಟ್ಟಿಯಾಗಿ ಅಂಟಿಕೊಂಡಿದ್ದವು. ಸಣ್ಣ ಮಕ್ಕಳಿಗೆ ಸಾಮಾನನ್ನು ಕಲಿಸಬೇಕು, ಚಿತ್ರವನ್ನಲ್ಲ. ಕುಂಚ ತೊಳೆದು ಅರಿವೆಗೆ ಒತ್ತಿ ಮುಂದಿನ ಬಣ್ಣಕ್ಕೆ ಹೋಗುವುದು, ಹಳದಿಗೆ ಒಂದು ಹನಿ ನೀಲಿ ಬಿದ್ದರೆ ಹಸಿರಾಗುವುದು, ಮೇಣದ ಕಡ್ಡಿಯಿಂದ ಗೀಚಿದ ಮೇಲೆ ನೀರುಬಣ್ಣ ಸವರಿದರೆ ಮೇಣ ನೀರನ್ನು ದೂಡಿ ಗೆರೆ ಎದ್ದು ಕಾಣುವುದು, ಇಂಥ ಗುಟ್ಟುಗಳನ್ನು ಧಾರಾಳವಾಗಿ ಹೇಳಿಕೊಡಲಿ. ಅವುಗಳಿಂದ ಏನು ಮಾಡಬೇಕು ಎಂಬುದು ಮಗುವಿನ ಪಾಲು.

ಎರಡೂ ಬಗೆಯನ್ನು ಎದುರುಬದುರು ಇಟ್ಟು ಕೇಳಿದರೆ ನನ್ನ ಉತ್ತರ ಹೀಗಿದೆ. ಐದರಿಂದ ಎಂಟರವರೆಗೆ ಎರಡನೆಯದು, ಒಂಬತ್ತರ ನಂತರ ಮೊದಲನೆಯದು. ನಿಮ್ಮ ಓಣಿಯಲ್ಲಿ ಮೊದಲನೆಯದೇ ಇದ್ದರೆ ಮಾಸ್ತರ್ರ ಜೊತೆ ಮಾತಾಡಿ. "ಸರ್, ಇನ್ನೊಂದು ಎರಡು ವರ್ಷ ಆಕಿ ಹಾಳಿಮ್ಯಾಲೆ ನೀವು ಕೈ ಹಾಕಬ್ಯಾಡ್ರಿ, ಬಣ್ಣ ಹೆಂಗ ಕಲಸೋದು ಅಷ್ಟ ತೋರಸ್ರಿ" ಅಂದರೆ ಒಪ್ಪುವವರೂ ಇದ್ದಾರೆ. ವಿದ್ಯಾಗಿರಿಯ ಒಬ್ಬ ಹಿರಿಯ ಮಾಸ್ತರ್ರು ನನ್ನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗ ಬಿಟ್ರ ಮನ್ಯಾಗ ತೋರ್ಸಾಕ ಚಿತ್ರ ಸಿಗೂದಿಲ್ಲ ನೋಡ್ರಿ ಅಕ್ಕಾರ, ಆಮ್ಯಾಲೆ ನನಗ ಅನಬ್ಯಾಡ್ರಿ" ಅಂದರು. ಅವರ ಮಾತು ನ್ಯಾಯದ್ದು. ಮಾಸ್ತರ್ರ ಕೈ ಮಕ್ಕಳ ಹಾಳೆಗೆ ಹೋಗುವುದು ಬಹಳ ಸಲ ನಮ್ಮ ಕಣ್ಣಿಗೆ ಹೆದರಿ. ನಾವು ಚಂದದ ಚಿತ್ರ ಬೇಡುವುದನ್ನು ಬಿಟ್ಟರೆ ಅವರೂ ತಿದ್ದುವುದನ್ನು ಬಿಡುತ್ತಾರೆ.

ಪರೀಕ್ಷೆ, ಸ್ಪರ್ಧೆ, ಶಿಬಿರ

ಕೆಲವು ಕ್ಲಾಸಿನ ಬೋರ್ಡಿನ ಮೇಲೆ ಡ್ರಾಯಿಂಗ್ ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ತಯಾರಿ ಎಂದು ಬರೆದಿರುತ್ತದೆ. ಬೆಳಗಾವಿ ಕಡೆ ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಹೆಸರೂ ಕೇಳಿಬರುತ್ತದೆ. ವಸ್ತುಚಿತ್ರ, ಡಿಸೈನ್, ಜಾಮೆಟ್ರಿಯಂಥ ವಿಷಯಗಳ ಪರೀಕ್ಷೆಗಳಿವು, ಹೈಸ್ಕೂಲಿಗೆ ಬಂದ ಮಕ್ಕಳಿಗೆ ಸೇರಿದವು. ಎರಡನೇ ಇಯತ್ತೆಯ ಮಗುವನ್ನು ಈಗಿನಿಂದಲೇ ಅದಕ್ಕೆ ಹಚ್ಚಬೇಕಾದ್ದಿಲ್ಲ.

ಬಣ್ಣ ತುಂಬುವ ಸ್ಪರ್ಧೆಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎಂಟು ವರ್ಷದೊಳಗಿನವರಿಗೆ ಬೇಡ. ಗೆರೆ ದಾಟದಂತೆ ತುಂಬಿದವರಿಗೆ ಬಹುಮಾನ, ಉಳಿದ ನೂರು ಮಕ್ಕಳಿಗೆ ತಾವು ಸೋತೆವು ಎಂಬ ಭಾವನೆ. ಪದಕ ಬಂದರೆ ಖುಷಿ ನಿಜ. ಆದರೆ ಪದಕ ಬಂದ ಚಿತ್ರವನ್ನೇ ಮಗು ಮತ್ತೆ ಮತ್ತೆ ತೆಗೆಯುವುದನ್ನು ನಮ್ಮ ಮನೆಯಲ್ಲೇ, ನನ್ನ ಅಣ್ಣನ ಮಗನಲ್ಲಿ ನೋಡಿದ್ದೇನೆ. ಒಂದು ವರ್ಷ ಪೂರ್ತಿ ಅದೇ ನವಿಲು.

ಬೇಸಿಗೆ ಶಿಬಿರ ಇದಕ್ಕಿಂತ ಎಷ್ಟೋ ಮೇಲು. ಬಾಲಭವನ, ಶಾಲೆಗಳು, ನಾಟಕದ ತಂಡಗಳು ಏಪ್ರಿಲ್, ಮೇ ತಿಂಗಳಲ್ಲಿ ನಡೆಸುತ್ತವೆ. ಹಾಡು, ಮುಖವಾಡ, ಕಾಗದದ ಕೆಲಸ, ಮಣ್ಣು ಎಲ್ಲದರ ರುಚಿ ಸಿಗುತ್ತದೆ, ಬೇರೆ ಓಣಿಯ ಮಕ್ಕಳ ಗೆಳೆತನವೂ ಆಗುತ್ತದೆ. ಮಗುವಿಗೆ ಯಾವುದರಲ್ಲಿ ಕೈ ನಿಲ್ಲುತ್ತದೆ ಅಂತ ತಿಳಿಯಲು ಇದು ಒಳ್ಳೆಯ ದಾರಿ. ಎರಡು ವಿಷಯ ಕೇಳಿಕೊಳ್ಳಿ. ಬ್ಯಾಚ್ ಬೆಳಿಗ್ಗೆ ಇದೆಯೇ (ನಮ್ಮ ಬಿಸಿಲಿಗೆ ಹನ್ನೊಂದರ ಮೇಲೆ ಮಗುವಿನ ಕೈ ನಡೆಯುವುದಿಲ್ಲ). ಮುಖವಾಡವನ್ನು ಮಕ್ಕಳೇ ಕತ್ತರಿಸುತ್ತಾರೋ, ಮೊದಲೇ ಕತ್ತರಿಸಿಟ್ಟಿದ್ದಕ್ಕೆ ಬಣ್ಣ ಹಚ್ಚಿಸುತ್ತಾರೋ.

ಆನ್‌ಲೈನ್ ಕ್ಲಾಸು ಸಣ್ಣವರಿಗೆ ಹೊಂದುವುದಿಲ್ಲ. ಮಗು ಪರದೆಯನ್ನು ನೋಡುತ್ತದೆ, ತನ್ನ ಕೈಯನ್ನು ನೋಡುವುದಿಲ್ಲ. ಮಣ್ಣು ಎಷ್ಟು ಮೆತ್ತಗಿದೆ, ಕುಂಚದಲ್ಲಿ ನೀರು ಎಷ್ಟಿದೆ ಅಂತ ಆ ಕಡೆ ಕೂತವರಿಗೆ ಗೊತ್ತಾಗುವುದೂ ಇಲ್ಲ.

ಕ್ಲಾಸೇ ಇಲ್ಲದಿದ್ದರೆ

ಹಳ್ಳಿಯಲ್ಲಿ ಇದ್ದೇವೆ, ಹತ್ತಿರ ಕ್ಲಾಸಿಲ್ಲ ಎಂದು ಕೊರಗುವ ಗೆಳತಿಯರು ನನಗಿದ್ದಾರೆ. ಅವರ ಮಕ್ಕಳಿಗೆ ಕಮ್ಮಿ ಏನೂ ಇಲ್ಲ ಅಂತ ನನಗೆ ತಿಳಿದದ್ದು ನಮ್ಮ ಅತ್ತೆಯಿಂದ. ಅವರ ತವರು ಗುಳೇದಗುಡ್ಡ, ಮನೆಯಲ್ಲಿ ಖಣದ (ಕುಪ್ಪಸದ ಬಟ್ಟೆಯ) ಮಗ್ಗ ಇತ್ತು. ಕ್ಲಾಸು ಬಿಡಿಸಿದ ಮೇಲೆ ಮಗಳು ಹಾಳೆ ಮುಟ್ಟದೆ ಕೂತಾಗ, ಅತ್ತೆ ಏನೂ ಹೇಳದೆ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದಿಂದ ಎರೆಮಣ್ಣು ತರಿಸಿ, ಕಲ್ಲುಕಸ ಆರಿಸಿ ನಾದಿ ಅವಳ ಮುಂದಿಟ್ಟರು. "ಡುಬ್ಬ ಮದ್ಲ ಮಾಡವ್ವಾ, ಕಾಲು ದಪ್ಪ ಇರ್ಲಿ, ಸಣ್ಣ ಮಾಡಿದ್ರ ಒಣಗಿ ಮುರಿತಾವು" ಅಂದದ್ದು ಬಿಟ್ಟರೆ ಬೇರೇನೂ ಕಲಿಸಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅದಕ್ಕೇ ಎತ್ತುಗಳನ್ನು ಬಿಸಿಲಿಗಿಡದೆ ನೆರಳಿಗಿಟ್ಟರು. ಜೋಡಿ ಎತ್ತು, ಅವುಕ್ಕೆ ಮೇವು ಹಾಕುವ ಗೋದಲಿ, ಗೋದಲಿಯೊಳಗೆ ಜೋಳದ ಕಾಳು. ಎತ್ತಿನ ಕೊರಳಿಗೆ ಗಂಟೆಯ ಬದಲು ಮಗಳು ತನ್ನ ಬಳೆಯ ಚೂರು ಒತ್ತಿದಳು. ಅತ್ತೆ ಅದನ್ನು ನೋಡಿ ಹಾಗೇ ಪೂಜೆಗಿಟ್ಟರು. ನವನಗರದ ಟೀಚರ್ ಮಾಡಿದ ಕೆಲಸವನ್ನೇ ಅತ್ತೆಯೂ ಮಾಡಿದ್ದರು.

ನಮ್ಮ ವರ್ಷದ ತುಂಬ ಇಂಥ ದಿನಗಳಿವೆ. ಆಷಾಢದ ಮಂಗಳವಾರ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು, ಬೆಳಗಾವಿಯ ಓಣಿಗಳಲ್ಲಿ ಅದೇ ಹಬ್ಬಕ್ಕೆ ಮಕ್ಕಳು ಕಟ್ಟುವ ಮಣ್ಣಿನ ಕೋಟೆ. ಇವೆಲ್ಲವನ್ನೂ ಈಗ ಪೇಟೆಯಿಂದ ಸಿದ್ಧವಾಗಿ ತರುವುದು ಸುಲಭ. ಮಗು ಇರುವ ಮನೆಯಲ್ಲಿ ದಯವಿಟ್ಟು ತರಬೇಡಿ. ಎಂಟು ವರ್ಷ ದಾಟಿದ ಮಗುವಿಗೆ ಕಸೂತಿಯೂ ಹಿಡಿಸುತ್ತದೆ. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಲೆಕ್ಕ ಮತ್ತು ಚಿತ್ರ ಅಲ್ಲಿ ಬೇರೆ ಬೇರೆ ಆಗಿ ಉಳಿಯುವುದಿಲ್ಲ. ಆಯಿಯ ಸೀರೆಯ ತೋಪ್ ತೆನಿ ಸೆರಗನ್ನು ಬೆರಳಿಂದ ಮುಟ್ಟಿಸಿ, ಸೆರಗನ್ನೂ ಮೈಯನ್ನೂ ಕೊಂಡಿ ಹಾಕಿ ಕೂಡಿಸಿದ ಜಾಗ ತೋರಿಸಿ.

"ಚಿತ್ರ ಕಲ್ತು ಏನ್ ಮಾಡೂದೈತಿ, ಗಣಿತದ ಟ್ಯೂಷನ್‌ಗೆ ಹಾಕ್ರಿ" ಎನ್ನುವವರಿಗೆ ನಾನು ಈ ಸೀರೆಯನ್ನೇ ತೋರಿಸುತ್ತೇನೆ. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಯ ಸಾವಿರಾರು ಮನೆಗಳು ಅಂಚು, ಸೆರಗು, ಬಣ್ಣದ ಹೊಂದಿಕೆ ನಂಬಿ ಊಟ ಮಾಡಿವೆ. ಇಡೀ ದಿನದಲ್ಲಿ ಸಣ್ಣ ಮಗುವಿಗೆ ಯಾವ ಅಂಗಿ, ಎಷ್ಟು ಊಟ, ಯಾವಾಗ ನಿದ್ದೆ ಎಲ್ಲವನ್ನೂ ನಾವೇ ನಿಶ್ಚಯಿಸುತ್ತೇವೆ. ಖಾಲಿ ಹಾಳೆಯ ಮೇಲೆ ಎಲ್ಲಿ ಶುರು ಮಾಡಬೇಕು, ಯಾವಾಗ ಮುಗಿಯಿತು ಎಂಬುದನ್ನು ಮಾತ್ರ ಅದು ತಾನೇ ನಿಶ್ಚಯಿಸುತ್ತದೆ. ಅದನ್ನೂ ಕಸಿದುಕೊಂಡರೆ ಮುಂದೆ ಗಣಿತದಲ್ಲೂ "ಹೆಂಗ ಮಾಡ್ಲಿ ಹೇಳ್ರಿ" ಎಂದು ಮುಖ ನೋಡುತ್ತ ನಿಲ್ಲುತ್ತದೆ.

ಮನೆಯಲ್ಲಿ ಮಾಡಿಕೊಳ್ಳಲು ಹೆಚ್ಚು ಖರ್ಚಿಲ್ಲ. ಸರ್ಕಾರಿ ಶಾಲೆಯ ನಲಿಕಲಿ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆಗೆ ಕಪ್ಪು ಬಣ್ಣ ಬಳಿದಿರುತ್ತಾರೆ, ಅದು ಬಹಳ ಒಳ್ಳೆಯ ಉಪಾಯ. ನಾವೂ ಪಡಸಾಲೆಯ ಒಂದು ಗೋಡೆಗೆ ನೆಲದಿಂದ ಮೂರಡಿ ಬಳಿಸಿದೆವು. ನಾಲ್ಕು ವರ್ಷದ ಮಗ ಅಲ್ಲೇ ಇಡೀ ತೋಳು ಬೀಸಿ ಗೀಚುತ್ತಾನೆ. ಅವನನ್ನು ಐದು ತುಂಬುವವರೆಗೆ ಯಾವ ಕ್ಲಾಸಿಗೂ ಹಾಕುವುದಿಲ್ಲ. ಸ್ಕೆಚ್ ಪೆನ್ನಿಗಿಂತ ದಪ್ಪ ಕ್ರೆಯಾನ್ ಕೊಡಿ, ಮುಷ್ಟಿಯಲ್ಲಿ ಹಿಡಿಯುವ ಮಗುವಿಗೂ ಬರುತ್ತದೆ, ಒತ್ತಿದಷ್ಟು ಗಾಢವಾಗುತ್ತದೆ. 24 ಬಣ್ಣದ ಡಬ್ಬಿಗಿಂತ ಪೋಸ್ಟರ್ ಕಲರಿನ ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕು ಬಾಟಲಿ ಮೇಲು. ಉಳಿದ ಬಣ್ಣ ಮಗುವೇ ಹುಡುಕಿಕೊಳ್ಳುತ್ತದೆ. ಹಾಳೆ ಎ3 ಅಳತೆಯದಿರಲಿ.

ಬಾದಾಮಿಗೆ ಕರೆದುಕೊಂಡು ಹೋಗಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಾಲ್ಕೂ ಗುಹೆ ತೋರಿಸುವ ಆತುರ ಬೇಡ. ಒಂದನೇ ಗುಹೆಯ ನಟರಾಜನಿಗೆ 18 ಕೈ, ಮಗು ಎಣಿಸಲಿ. ಮೂರನೇ ಗುಹೆಯಲ್ಲಿ 578ರ ಶಾಸನವಿದೆ, ಅಲ್ಲೇ ತ್ರಿವಿಕ್ರಮ ಕಾಲೆತ್ತಿ ನಿಂತಿದ್ದಾನೆ, ಸುತ್ತಲಿನವರು ಅವನ ಮುಂದೆ ಬಹಳ ಸಣ್ಣವರು. ಮಗಳು ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ಇಂವ ಯಾಕ ಇಷ್ಟು ದೊಡ್ಡಾಂವ?" ಎಂದು ಕೇಳಿದಳು. "ಕಥೀ ಎಲ್ಲಾ ಇವನ್ದ ಅದಲ್ಲ, ಅದಕ್ಕ" ಅಂದೆ. ಆ ದಿನ ರಾತ್ರಿ ಕಪ್ಪು ಗೋಡೆಯ ಮೇಲೆ ಆಯಿ ಮತ್ತೆ ಮನೆಗಿಂತ ದೊಡ್ಡವಳಾದಳು.

ಫೀ ಕಟ್ಟುವ ಮುಂಚೆ

ಮೊದಲು ಗೋಡೆ ನೋಡಿ. ಮಕ್ಕಳ ಚಿತ್ರ ತೂಗುಹಾಕಿದ್ದರೆ, ಹತ್ತು ಹಾಳೆಯೂ ಒಂದೇ ಥರ ಇದ್ದರೆ ಅಲ್ಲಿ ಒಬ್ಬರೇ ಚಿತ್ರ ತೆಗೆಯುತ್ತಿದ್ದಾರೆ ಎಂದು ಅರ್ಥ. ಆಮೇಲೆ ಇಪ್ಪತ್ತು ನಿಮಿಷ ಮೂಲೆಯಲ್ಲಿ ಕೂತು ರಬ್ಬರ್ ಎಷ್ಟು ಸಲ ಓಡಾಡುತ್ತದೆ, ಯಾರ ಕೈಯಲ್ಲಿ ಓಡಾಡುತ್ತದೆ ನೋಡಿ. ಕೂರಲು ಬಿಡದಿದ್ದರೆ ಅಲ್ಲಿಗೆ ಬೇಡ. ಒಬ್ಬರು ಕಲಿಸುವವರಿಗೆ ಎಂಟು, ಹತ್ತು ಸಣ್ಣ ಮಕ್ಕಳು ಸಾಕು, ಇಪ್ಪತ್ತೈದಾದರೆ ಹಲಗೆ ನೋಡಿ ತೆಗೆಸುವುದು ಬಿಟ್ಟು ಬೇರೆ ದಾರಿ ಅವರಿಗೂ ಉಳಿಯುವುದಿಲ್ಲ. ಕೈ ತೊಳೆಯಲು ನಳ, ಬೆಳಕು, ಪಾಯಖಾನೆ ನೋಡಿಕೊಳ್ಳಿ. ಕಿಟ್ ಎಂದು ಬೇರೆ ದುಡ್ಡು ಕೇಳಿದರೆ ಒಳಗೆ ಏನಿದೆ ತೆಗೆದು ನೋಡಿ. ಹೊತ್ತು 45 ನಿಮಿಷದಿಂದ ಒಂದು ತಾಸು ಸಾಕು. ಶಾಲೆ ಬಿಟ್ಟ ತಕ್ಷಣದ ಬ್ಯಾಚಿಗಿಂತ ಭಾನುವಾರ ಬೆಳಗಿನದು ನಮಗೆ ಒಗ್ಗಿತು. ಮೂರು ತಿಂಗಳ ಫೀ ಒಮ್ಮೆಲೇ ಕಟ್ಟಬೇಡಿ.

ಕರೆದುಕೊಂಡು ಬರುವಾಗ "ಏನಿದು?" ಎಂದು ಕೇಳಿದರೆ ಮಗುವಿಗೆ ಚಿತ್ರ ಸರಿಯಾಗಿ ಬಂದಿಲ್ಲ ಅನಿಸುತ್ತದೆ. "ಇದರಾಗ ಏನೇನ್ ನಡದೈತಿ ಹೇಳು" ಅಂದರೆ ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವವರೆಗೂ ಕಥೆ ನಿಲ್ಲುವುದಿಲ್ಲ.

ನಾವು ಕೊನೆಗೆ ಆರಿಸಿದ್ದು ನವನಗರದ ಆ ಮಣ್ಣಿನ ಕ್ಲಾಸು. ಹಳೆ ಊರಿನಿಂದ ದೂರವೇ, ಆಟೊಕ್ಕೆ ಖರ್ಚು ಬೀಳುತ್ತದೆ. ಅದಕ್ಕೇ ವಾರಕ್ಕೊಂದೇ ದಿನ. ಈ ಆಷಾಢದಲ್ಲಿ ಅತ್ತೆ ಮಂಗಳವಾರಗಳ ಗುಳ್ಳವ್ವನಿಗೆ ಹಚ್ಚಲು ಗುಲಗಂಜಿ ಕೂಡಿಸಿ ಇಟ್ಟುಕೊಂಡಿದ್ದಾರೆ ಅಂತ ಮಗಳು ಕ್ಲಾಸಿನಲ್ಲಿ ಹೇಳಿಬಿಟ್ಟಳಂತೆ. ಟೀಚರ್ ನನ್ನನ್ನು ತಡೆದು ಕೇಳಿದರು: "ನಿಮ್ಮ ಅತ್ತೀಯವರಿಗೆ ಒಂದು ಭಾನುವಾರ ಬರಾಕ ಆಗ್ತದೇನ್ರಿ? ಗುಳ್ಳವ್ವನ ಮಾಡೂದು ನನಗೂ ಗೊತ್ತಿಲ್ಲ." ಅತ್ತೆ ಒಪ್ಪಿದ್ದಾರೆ. ಮಣ್ಣು ತಾವೇ ತರುತ್ತಾರಂತೆ, ಕ್ಲಾಸಿನ ಮಣ್ಣು ಅವರಿಗೆ ನಂಬಿಕೆ ಇಲ್ಲ.